ಗಂಡನ ಹೆಸರಿಗೆ ಜಾಗವಿದೆ, ಗಂಡನ ಸಹಿಗಲ್ಲ

ಓದುಗರ ಪ್ರಶ್ನೆಗಳಿಗೆ ಸ್ತ್ರೀರೋಗ ತಜ್ಞೆಯ ಉತ್ತರ. ಈ ಸಂಚಿಕೆಯ ನಾಲ್ಕೂ ಪತ್ರಗಳು ಗರ್ಭಪಾತಕ್ಕೆ ಸಂಬಂಧಿಸಿದವು. ಬರೆದವರ ಹೆಸರುಗಳನ್ನು ಬಿಟ್ಟಿದೆ.

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರಗಳು. ನನಗೆ ಇಬ್ಬರು ಮಕ್ಕಳು, ಎರಡೂ ಸಿಸೇರಿಯನ್. ಚಿಕ್ಕದಕ್ಕೆ ಈಗ ಹದಿಮೂರು ತಿಂಗಳು. ವಂಕಿ ಹಾಕಿಸಿಕೊಂಡಿದ್ದರೂ ಮುಟ್ಟು ನಿಂತಿದೆ, ಲೆಕ್ಕದ ಪ್ರಕಾರ ಎಂಟನೇ ವಾರ. ಯಜಮಾನರು ರಜೆ ಮುಗಿಸಿ ಮಸ್ಕತ್‌ಗೆ ಮರಳಿದ್ದಾರೆ. ಅವರನ್ನು ಕರೆತಂದು ಸಹಿ ಹಾಕಿಸಿದರೆ ಮಾತ್ರ ತೆಗೆಯುತ್ತೇವೆ, ಇಲ್ಲವಾದರೆ ಅತ್ತೆಯಾದರೂ ಬರಲಿ ಎಂದು ನಮ್ಮೂರಿನ ನರ್ಸಿಂಗ್ ಹೋಮಿನಲ್ಲಿ ಹೇಳಿದರು. ಅತ್ತೆಯವರಿಗೆ ಇನ್ನೊಂದು ಮಗು ಬೇಕೆಂದಿದೆ. ನನ್ನೊಬ್ಬಳ ಸಹಿ ಸಾಲದೇ?
— ಉತ್ತರ ಕನ್ನಡ ಜಿಲ್ಲೆ

ಉತ್ತರ: ಸಾಲುತ್ತದೆ. ಹದಿನೆಂಟು ತುಂಬಿದ, ಸ್ವಸ್ಥ ಮನಸ್ಸಿನ ಹೆಣ್ಣುಮಗಳ ಗರ್ಭಪಾತಕ್ಕೆ ಕಾನೂನು ಕೇಳುವುದು ಆಕೆಯೊಬ್ಬಳ ಒಪ್ಪಿಗೆಯನ್ನು. ಆಸ್ಪತ್ರೆಗಳಲ್ಲಿ ಎಲ್ಲರೂ ಎಂ.ಟಿ.ಪಿ. ಎಂದು ಕರೆಯುವ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಲ್ಲಿ ಗಂಡನ, ಅತ್ತೆಯ ಅಥವಾ ತಂದೆಯ ಒಪ್ಪಿಗೆಯ ಮಾತೇ ಇಲ್ಲ. ಹುಡುಗಿ ಅಪ್ರಾಪ್ತೆಯಾಗಿದ್ದರೆ ಅಥವಾ ಮಹಿಳೆ ಮಾನಸಿಕ ಅಸ್ವಸ್ಥೆಯಾಗಿದ್ದರೆ ಮಾತ್ರ ಪೋಷಕರ ಬರಹದ ಒಪ್ಪಿಗೆ ಬೇಕು.

ಈ ಒಪ್ಪಿಗೆಯನ್ನು ಪಡೆಯುವ ಹಾಳೆಗೆ ನಿಯಮಗಳಲ್ಲಿ ‘ನಮೂನೆ ಸಿ’ ಎಂದು ಹೆಸರು. ‘ಇಂಥವರ ಮಗಳು ಅಥವಾ ಹೆಂಡತಿಯಾದ ನಾನು’ ಎಂದು ಆರಂಭವಾಗುವ ಅದರಲ್ಲಿ ಗುರುತಿಗಾಗಿ ಗಂಡನ ಹೆಸರು ಬರೆಯಲು ಜಾಗವಿದೆ. ವಯಸ್ಕ ಹೆಣ್ಣುಮಗಳು ತುಂಬುವ ಭಾಗದ ಕೊನೆಯಲ್ಲಿರುವ ಸಹಿಯ ಗೆರೆ ಮಾತ್ರ ಒಂದೇ, ಅದು ನಿಮ್ಮದು. ಅಕ್ಷರ ಬಾರದ ಹೆಂಗಸರು ಶಾಯಿಯ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿ, ಎಲ್ಲಿಡಬೇಕೆಂದು ನರ್ಸಿನ ಮುಖ ನೋಡಿ, ಆ ಗೆರೆಯ ಮೇಲೆ ಗುರುತು ಇಡುವುದನ್ನು ನನ್ನ ವೃತ್ತಿಯುದ್ದಕ್ಕೂ ನೋಡಿದ್ದೇನೆ. ಅದರ ಪಕ್ಕದಲ್ಲಿ ಯಾರೋ ಪೆನ್ನಿನಿಂದ ಇನ್ನೊಂದು ಗೆರೆ ಎಳೆದು ‘ಪತಿ’ ಎಂದು ಬರೆದಿಟ್ಟಿರುವುದನ್ನೂ ನೋಡಿದ್ದೇನೆ. ಆ ಎರಡನೆಯ ಗೆರೆಯನ್ನು ಎಳೆದದ್ದು ಸಂಸತ್ತಲ್ಲ.

ವೈದ್ಯರು ಹೀಗೇಕೆ ಮಾಡುತ್ತಾರೆಂದು ನೀವು ಕೇಳಬಹುದು. ನಮ್ಮ ದಂಡಸಂಹಿತೆಯಲ್ಲಿ ಗರ್ಭಪಾತ ಇಂದಿಗೂ ಅಪರಾಧವೇ. ಹಿಂದೆ 312ನೇ ಕಲಮಿನಲ್ಲಿದ್ದದ್ದು 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಿಗೆ ಬಂದಿದೆ. ಎಂ.ಟಿ.ಪಿ. ಕಾಯ್ದೆ ಆ ಅಪರಾಧಕ್ಕೆ ಕೊಟ್ಟ ವಿನಾಯಿತಿ ಮಾತ್ರವಾದ್ದರಿಂದ, ನಾಳೆ ಗಂಡನ ಕಡೆಯವರು ಜಗಳಕ್ಕೆ ಬಂದರೆ ಕೈಯಲ್ಲೊಂದು ಕಾಗದವಿರಲಿ ಎಂದು ವೈದ್ಯರು ಹೆಚ್ಚಿನ ಸಹಿ ಕೇಳುತ್ತಾರೆ. ಅವರ ಭಯ ನನಗೆ ಅರ್ಥವಾಗುತ್ತದೆ, ಆದರೆ ಆ ಭಯದ ಬೆಲೆಯನ್ನು ನೀವು ತೆರಬೇಕೆಂಬುದನ್ನು ನಾನು ಒಪ್ಪಲಾರೆ. ಕುಟುಂಬದವರ ಒಪ್ಪಿಗೆ, ಕೋರ್ಟಿನ ಆದೇಶ ಮುಂತಾಗಿ ಕಾನೂನಿನಲ್ಲಿಲ್ಲದ ಷರತ್ತುಗಳನ್ನು ವೈದ್ಯರು ಹೇರಬಾರದೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ. ತಾಯಿಯಾಗಬೇಕೇ ಬೇಡವೇ ಎಂಬ ಆಯ್ಕೆ ಸಂವಿಧಾನದ 21ನೇ ವಿಧಿ ಕೊಡುವ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಅದೇ ನ್ಯಾಯಾಲಯ 2009ರಲ್ಲೇ ಹೇಳಿತ್ತು.

ಇಪ್ಪತ್ತು ವಾರದೊಳಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಗರ್ಭನಿರೋಧಕ ವಿಫಲವಾಗಿ ಬಸಿರಾದರೆ ಅದರಿಂದ ಆಗುವ ಸಂಕಟವನ್ನು ಮನಸ್ಸಿನ ಆರೋಗ್ಯಕ್ಕೆ ಆದ ತೀವ್ರ ಹಾನಿಯೆಂದೇ ಪರಿಗಣಿಸಲು ಕಾಯ್ದೆ ಅವಕಾಶ ಕೊಟ್ಟಿದೆ, ನಿಮ್ಮ ವಂಕಿಯ ಪ್ರಕರಣ ನೇರವಾಗಿ ಅದರೊಳಗೆ ಬರುತ್ತದೆ. ಹೆಣ್ಣಿನ ಒಪ್ಪಿಗೆಯ ಮೇಲೆ ವೈದ್ಯರ ಅಭಿಪ್ರಾಯವನ್ನೂ ಕೂರಿಸಿರುವುದು ಈ ಕಾಯ್ದೆಯ ದೊಡ್ಡ ಕೊರತೆಯೆಂದು ನಾನು ಭಾವಿಸುತ್ತೇನೆ. ಹಾಗಿದ್ದರೂ ನಿಮಗೆ ‘ಇಲ್ಲ’ ಎನ್ನಲು ಅದರಲ್ಲಿ ಯಾವ ಕಾರಣವೂ ಇಲ್ಲ.

ಇನ್ನು ನೀವು ಮಾಡಬೇಕಾದದ್ದು. ಅಲ್ಲಿ ವಾದ ಮಾಡುತ್ತ ದಿನ ಕಳೆಯಬೇಡಿ. ಸರ್ಕಾರಿ ಆಸ್ಪತ್ರೆಗಳಿಗೆ ಈ ಸೇವೆ ಕೊಡಲು ಬೇರೆ ಅನುಮತಿಯ ಅಗತ್ಯವಿಲ್ಲ, ಖಾಸಗಿಯವರಿಗೆ ಮಾತ್ರ ಜಿಲ್ಲಾ ಸಮಿತಿಯ ಮಾನ್ಯತೆ ಬೇಕು. ತಜ್ಞರಿರುವ ತಾಲ್ಲೂಕು ಆಸ್ಪತ್ರೆಗೋ ಜಿಲ್ಲಾಸ್ಪತ್ರೆಗೋ ಈ ವಾರವೇ ಹೋಗಿ. ಮಾತ್ರೆಯಿಂದ ಗರ್ಭ ತೆಗೆಯಲು ನಿಯಮಗಳು ಒಂಬತ್ತು ವಾರದವರೆಗೆ ಅವಕಾಶ ಕೊಡುತ್ತವೆ; ಲೆಕ್ಕ ಹಿಡಿಯುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಎರಡು ಸಿಸೇರಿಯನ್ ಆಗಿರುವುದನ್ನು ಮೊದಲೇ ತಿಳಿಸಿ, ಏಕೆಂದರೆ ಅಪರೂಪಕ್ಕೆ ಗರ್ಭ ಹಳೆಯ ಹೊಲಿಗೆಯ ಗಾಯದ ಮೇಲೇ ಕೂತಿರುತ್ತದೆ. ವಂಕಿ ಒಳಗೇ ಉಳಿದಿದೆಯೇ, ಬಸಿರು ಗರ್ಭಕೋಶದಲ್ಲಿದೆಯೇ ನಾಳದಲ್ಲಿದೆಯೇ ಎಂಬುದನ್ನು ಸ್ಕ್ಯಾನಿಂಗ್‌ನಲ್ಲಿ ನೋಡಿಸಬೇಕು. ವಂಕಿ ಒಳಗಿದ್ದರೆ ಮಾತ್ರೆ ಕೊಡುವ ಮೊದಲು ಅದನ್ನು ತೆಗೆಯುತ್ತಾರೆ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದೇನೆ. ವಯಸ್ಸು 20, ಮದುವೆಯಾಗಿಲ್ಲ. ಈಗ ಹನ್ನೊಂದು ವಾರ. ಅಪ್ಪ ಅಮ್ಮ ಇಬ್ಬರನ್ನೂ ಕರೆತರಲು ಆಸ್ಪತ್ರೆಯಲ್ಲಿ ಹೇಳಿದರು. ಮನೆಗೆ ತಿಳಿದರೆ ನನ್ನ ಓದು ಅಲ್ಲಿಗೇ ನಿಲ್ಲುತ್ತದೆ.
— ಹೆಸರು ಬೇಡ

ಉತ್ತರ: ವಯಸ್ಸಿನ ದಾಖಲೆ ಸಾಕು, ತಂದೆತಾಯಿಯರು ಬರಬೇಕಾಗಿಲ್ಲ. 2021ರ ತಿದ್ದುಪಡಿಯಲ್ಲಿ ‘ವಿವಾಹಿತ ಮಹಿಳೆ ಅಥವಾ ಆಕೆಯ ಪತಿ’ ಎಂಬ ಮಾತನ್ನು ತೆಗೆದು ‘ಯಾವುದೇ ಮಹಿಳೆ ಅಥವಾ ಆಕೆಯ ಸಂಗಾತಿ’ ಎಂದು ಬರೆದಿದ್ದಾರೆ. ಇಪ್ಪತ್ತರಿಂದ ಇಪ್ಪತ್ತನಾಲ್ಕು ವಾರದವರೆಗಿನ ಅವಕಾಶದಲ್ಲೂ ಮದುವೆಯಾಗದವರನ್ನು ಹೊರಗಿಡಬಾರದೆಂದು ಮೇಲೆ ಹೇಳಿದ 2022ರ ತೀರ್ಪು ಸಾರಿದೆ. ನಿಮ್ಮ ಗುರುತನ್ನು ಕಾನೂನಿನಲ್ಲಿ ಅಧಿಕಾರವಿಲ್ಲದವರಿಗೆ ಬಿಟ್ಟುಕೊಟ್ಟ ವೈದ್ಯರಿಗೆ ಒಂದು ವರ್ಷದವರೆಗಿನ ಸೆರೆವಾಸ ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು. ಹನ್ನೊಂದು ವಾರಕ್ಕೆ ಸಣ್ಣ ನಳಿಕೆಯಿಂದ ಹೀರಿ ತೆಗೆಯುವ ವಿಧಾನವಿದೆ, ಕೆಲವೇ ನಿಮಿಷಗಳ ಕೆಲಸ, ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ನಂಬುವ ಗೆಳತಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಹೋಗಮ್ಮ. ಕಾನೂನಿಗಾಗಿ ಅಲ್ಲ, ಹಿಂದಿರುಗುವಾಗ ಆಟೋದಲ್ಲಿ ನೀನು ಒಬ್ಬಳೇ ಕೂತಿರಬಾರದೆಂದು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 2023ರಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣು ಭ್ರೂಣಗಳನ್ನು ಪತ್ತೆ ಮಾಡುತ್ತಿದ್ದ ಜಾಲ ಬಯಲಾದಾಗ ತಲೆ ತಗ್ಗಿಸಿದವರಲ್ಲಿ ನಾನೂ ಒಬ್ಬ. ಗರ್ಭಪಾತವನ್ನೇ ಬಿಗಿಗೊಳಿಸಿ ಮಾತ್ರೆಗಳನ್ನು ನಿಲ್ಲಿಸಿದರೆ ಹೆಣ್ಣುಮಕ್ಕಳು ಉಳಿಯುವುದಿಲ್ಲವೇ?
— ಮಂಡ್ಯ

ಉತ್ತರ: ಗುರುಗಳೇ, ನಿಮ್ಮ ನೋವು ನನ್ನದೂ ಹೌದು. ಆದರೆ ನೀವು ಸೂಚಿಸುವ ಮದ್ದು ಈ ರೋಗದ್ದಲ್ಲ. ಆ ಆಲೆಮನೆಯಲ್ಲಿ ನಡೆಯುತ್ತಿದ್ದ ಲಿಂಗಪತ್ತೆಯನ್ನು 1994ರ ಕಾಯ್ದೆ ಅಪರಾಧವೆಂದು ಸಾರಿ ಮೂರು ದಶಕಗಳಾದವು. ನೋಂದಣಿಯಿಲ್ಲದ ಯಂತ್ರ ಅಲ್ಲಿಗೆ ಹೇಗೆ ಬಂತು, ಗಂಡೋ ಹೆಣ್ಣೋ ಎಂದು ಹೇಳಿದವರು ಯಾರು, ದಲ್ಲಾಳಿಗಳು ಯಾರು ಎಂಬುದನ್ನು ಹಿಡಿಯಬೇಕಾದದ್ದು ಆ ಕಾಯ್ದೆ. ಒಂಬತ್ತು ವಾರದೊಳಗೆ ಸ್ಕ್ಯಾನಿಂಗ್‌ನಲ್ಲಿ ಭ್ರೂಣದ ಲಿಂಗ ಗೊತ್ತಾಗುವುದೇ ಇಲ್ಲ. ಹೀಗಿರುವಾಗ ಒಂಬತ್ತು ವಾರದವರೆಗಿನ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ಮಾಯ ಮಾಡಿದರೆ ಹೆಣ್ಣು ಭ್ರೂಣ ಉಳಿಯುವುದಿಲ್ಲ. ವೈದ್ಯರ ಚೀಟಿ ಹಿಡಿದು ಬಂದ ಹೆಂಗಸು ಬರಿಗೈಯಲ್ಲಿ ತಿರುಗಿ, ಹದಿನಾಲ್ಕನೇ ವಾರಕ್ಕೆ ಇನ್ನೂ ಅಪಾಯದ ದಾರಿ ಹುಡುಕುತ್ತಾಳೆ.

ಬಿಗಿ ಕಾನೂನು ಏನು ಮಾಡುತ್ತದೆಂಬುದಕ್ಕೆ ನಮ್ಮ ಬೆಳಗಾವಿಯ ಮಗಳ ಸಾವು ಸಾಕ್ಷಿಯಾಗಿದೆ. ದಂತವೈದ್ಯೆ ಸವಿತಾ ಹಾಲಪ್ಪನವರ್, 31 ವರ್ಷ, ಐರ್ಲೆಂಡಿನ ಗಾಲ್ವೇಯಲ್ಲಿದ್ದರು. 2012ರ ಅಕ್ಟೋಬರಿನಲ್ಲಿ, ಹದಿನೇಳನೇ ವಾರದಲ್ಲಿ ಅವರ ಗರ್ಭ ಉಳಿಯುವುದಿಲ್ಲವೆಂದು ವೈದ್ಯರಿಗೇ ಖಚಿತವಾಗಿತ್ತು. ತೆಗೆದುಬಿಡಿ ಎಂದು ಸವಿತಾ ಕೇಳಿಕೊಂಡರು. ಭ್ರೂಣದ ಹೃದಯ ಬಡಿಯುತ್ತಿರುವಷ್ಟು ಕಾಲ ಅಲ್ಲಿನ ಕಾನೂನು ಬಿಡುವುದಿಲ್ಲವೆಂದು ಕಾಯಿಸಿದರು. ಅಷ್ಟರಲ್ಲಿ ಸೋಂಕು ರಕ್ತಕ್ಕೆ ಹರಡಿ, 28ರಂದು ಅವರು ತೀರಿಕೊಂಡರು. ಇದೇ ಬಸಿರು ಬೆಳಗಾವಿಯಲ್ಲಿ ಆಗಿದ್ದರೆ 1971ರ ನಮ್ಮ ಕಾಯ್ದೆಯಡಿ ಅದನ್ನು ತೆಗೆಯಲು ಯಾವ ಅಡ್ಡಿಯೂ ಇರುತ್ತಿರಲಿಲ್ಲ. 2018ರ ಮೇ 25ರಂದು ಐರ್ಲೆಂಡಿನ ಜನ ಶೇ. 66ಕ್ಕೂ ಹೆಚ್ಚು ಮತಗಳಿಂದ ಸಂವಿಧಾನದ ಆ ನಿಷೇಧವನ್ನು ಕಿತ್ತುಹಾಕಿದಾಗ ಡಬ್ಲಿನ್ನಿನ ಗೋಡೆಯೊಂದರ ಮೇಲೆ ಸವಿತಾರ ಚಿತ್ರವಿತ್ತು, ಅದರ ಸುತ್ತ ಜನ ಅಂಟಿಸಿದ ಚೀಟಿಗಳಿದ್ದವು. ನಿಮ್ಮ ಜಿಲ್ಲೆಯ ಹೆಣ್ಣುಕೂಸುಗಳನ್ನು ಉಳಿಸಲು ಯಂತ್ರಗಳ ಮೇಲೆ ಕಣ್ಣಿಡಿ, ವರದಕ್ಷಿಣೆ ಕೇಳುವವರ ಮನೆಯ ಊಟ ಬಿಡಿ. ನೀವು ಮೇಷ್ಟರಾಗಿದ್ದವರು, ನಿಮ್ಮ ಮಾತು ಊರಿನಲ್ಲಿ ನಡೆಯುತ್ತದೆ.

ಪ್ರಶ್ನೆ: ಮನೆಯವರು ಅಂಗಡಿಯಿಂದ ಮಾತ್ರೆ ತಂದುಕೊಟ್ಟರು. ನುಂಗಿ ಹನ್ನೆರಡು ದಿನವಾಯಿತು, ರಕ್ತ ನಿಂತಿಲ್ಲ. ಎರಡು ದಿನದಿಂದ ಚಳಿಜ್ವರ, ವಾಸನೆ ಬೇರೆ ಇದೆ. ಆಸ್ಪತ್ರೆಗೆ ಹೋದರೆ ಕೇಸ್ ಆಗುತ್ತದೆಂದು ಹೆದರಿಕೆ.
— ರಾಯಚೂರು ಜಿಲ್ಲೆ

ಉತ್ತರ: ಇದಕ್ಕೆ ಸಂಚಿಕೆಯವರೆಗೆ ಕಾಯುವಂತಿರಲಿಲ್ಲವಾದ್ದರಿಂದ ನಿಮ್ಮ ಪತ್ರ ಕೈಸೇರಿದ ಗಳಿಗೆಯಲ್ಲೇ ಫೋನ್ ಮಾಡಿ ಮಾತನಾಡಿದ್ದೇನೆ. ಇದೇ ಸ್ಥಿತಿಯಲ್ಲಿರುವ ಬೇರೆಯವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಗರ್ಭದ ಚೂರು ಒಳಗೆ ಉಳಿದು ಸೋಂಕಾಗಿರುವ ಲಕ್ಷಣಗಳಿವು. ಗಂಟೆಗೆ ಎರಡು ಪ್ಯಾಡ್‌ನಂತೆ ಎರಡು ಗಂಟೆ ಸತತವಾಗಿ ತೋಯ್ದರೆ, ಜ್ವರ ಬಿಡದಿದ್ದರೆ, ಕಿಬ್ಬೊಟ್ಟೆಯ ನೋವು ತಾಳಲಾಗದಿದ್ದರೆ ಅಥವಾ ಕಣ್ಣು ಕತ್ತಲೆ ಬಂದರೆ ಬೆಳಗಾಗುವವರೆಗೂ ಕಾಯದೆ 108ಕ್ಕೆ ಕರೆ ಮಾಡಿ. ಎದುರಿಗಿರುವ ರೋಗಿಗೆ ಚಿಕಿತ್ಸೆ ಕೊಡುವುದು ವೈದ್ಯರ ಮೊದಲ ಕರ್ತವ್ಯ, ಉಳಿದ ಮಾತೆಲ್ಲ ಆಮೇಲಿನದು. ಏನು ನುಂಗಿದಿರಿ, ಯಾವ ದಿನ ನುಂಗಿದಿರಿ ಎಂಬುದನ್ನು ಮುಚ್ಚಿಡಬೇಡಿ, ಮಾತ್ರೆಯ ಖಾಲಿ ಪೊಟ್ಟಣ ಮನೆಯಲ್ಲಿದ್ದರೆ ಸೆರಗಿನಲ್ಲಿ ಕಟ್ಟಿಕೊಂಡೇ ಹೋಗಿ.