ಬ್ಯಾಕ್ಟೀರಿಯಾದಿಂದ ಕರೆಂಟ್, ಬೆಳ್ಳಿಯ ನ್ಯಾನೋ ಕಣ: ನಿಜವಾ? ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರಿನಿಂದ ಮಳೆಗಾಲಕ್ಕೆ ಒಂದು ಬಲ್ಬಾದರೂ ಉರಿಯುತ್ತಾ?

ಕರೆಂಟೂ ನಿಜ, ಬೆಳ್ಳಿ ಕಣವೂ ನಿಜ. ಬಲ್ಬ್ ಮಾತ್ರ ಉರಿಯಲ್ಲ. ಕೆಸರಿನ ಬಕೆಟ್ ಇಟ್ಟು ನೋಡಿಯೇ ಹೇಳುತ್ತಿದ್ದೇನೆ.

ನಮ್ಮದು ಕೊಡಗಿನ ಗೋಣಿಕೊಪ್ಪ ಕಡೆ. ಕೈಲ್‌ಪೊಳ್ದ್ ಹಬ್ಬಕ್ಕೆ ಬಂದಿದ್ದ ಅಣ್ಣನ ಮಗಳು ಯಾವುದೋ ವಿಡಿಯೋ ನೋಡಿ, ಗದ್ದೆ ಕೆಸರಿಗೆ ಒಂದು ತಾಮ್ರದ ತಂತಿ, ಒಂದು ಸತುವಿನ ತಗಡು ಚುಚ್ಚಿದಳು. ತಕ್ಷಣ ಮೀಟರ್ ಮುಕ್ಕಾಲು ವೋಲ್ಟ್ ತೋರಿಸಿತು. ಎಲ್ಲರಿಗೂ ಖುಷಿ. ಆದರೆ ಅದು ಸತು ಕರಗಿ ಬರುವ ಕರೆಂಟ್. ನಿಂಬೆಹಣ್ಣಿಗೆ ಚುಚ್ಚಿದರೂ ಬರುತ್ತದೆ. ಇಂಥ ವಿಡಿಯೋಗಳನ್ನು ನಂಬಿ ಮೋಸ ಹೋಗಬೇಡಿ.

ಬ್ಯಾಕ್ಟೀರಿಯಾದ ಕೆಲಸ ನೋಡಬೇಕಾದರೆ ಎರಡೂ ಕಡೆ ಕಾರ್ಬನ್ನೇ ಇರಬೇಕು. ಹಳೇ ಟಾರ್ಚ್ ಶೆಲ್‌ಗಳ ಒಳಗಿನ ಕಾರ್ಬನ್ ಕಡ್ಡಿ ತೆಗೆದು, ಅಂಟಿದ್ದ ಕಪ್ಪು ಪುಡಿ ಉಜ್ಜಿ ತೊಳೆದೆವು. (ಪುಡಿ ಉಳಿದರೆ ಅದೂ ಸುಳ್ಳು ಕರೆಂಟ್ ಕೊಡುತ್ತದೆ.) ಕಡ್ಡಿಗಳ ಒಂದು ಕಟ್ಟು ಬಕೆಟ್‌ನಲ್ಲಿದ್ದ ಕೆಸರಿನ ಅಡಿಗೆ, ಇನ್ನೊಂದು ಮೇಲೆ ನಿಂತ ನೀರಿಗೆ. ಮೊದಲ ದಿನ ಹೆಚ್ಚುಕಮ್ಮಿ ಸೊನ್ನೆ. ಹನ್ನೆರಡನೇ ದಿನ 0.4 ವೋಲ್ಟ್! ಆದರೆ 1000 ಓಮ್‌ನ ರೆಸಿಸ್ಟರ್ ಜೋಡಿಸಿದ್ದೇ ತಡ, 0.1ಕ್ಕೆ ಕುಸಿಯಿತು. ಅಂದರೆ 10 ಮೈಕ್ರೋವ್ಯಾಟ್, ಒಂದು ವ್ಯಾಟ್‌ನ ಲಕ್ಷದಲ್ಲಿ ಒಂದು ಪಾಲು. 9 ವ್ಯಾಟ್‌ನ ಎಲ್‌ಇಡಿ ಬಲ್ಬಿಗೆ ಇಂಥ 9 ಲಕ್ಷ ಬಕೆಟ್ ಬೇಕು. ಲ್ಯಾಬ್‌ನವರು ಇದಕ್ಕಿಂತ ಎಷ್ಟೋ ಚೆನ್ನಾಗಿ ಮಾಡುತ್ತಾರೆ, ಆದರೂ ಒಂದು ಸೆಲ್‌ನಿಂದ ಒಂದು ವೋಲ್ಟ್ ದಾಟುವುದಿಲ್ಲ.

ಈ ಕರೆಂಟ್ ಬರುವುದಾದರೂ ಹೇಗೆ? ನಾವು ತಿಂದ ಅನ್ನದ ಎಲೆಕ್ಟ್ರಾನ್‌ಗಳು ಕೊನೆಗೆ ಸೇರುವುದು ನಾವು ಉಸಿರಾಡುವ ಆಮ್ಲಜನಕಕ್ಕೆ. ಕೆಸರಿನ ಆಳದಲ್ಲಿ ಆಮ್ಲಜನಕ ಎಲ್ಲಿದೆ? ಅಲ್ಲಿರುವ ಜಿಯೋಬ್ಯಾಕ್ಟರ್ ಥರದ ಬ್ಯಾಕ್ಟೀರಿಯಾಗಳು ಎಲೆಕ್ಟ್ರಾನ್‌ಗಳನ್ನು ಮೈಯಿಂದ ಹೊರಗೆ ದಾಟಿಸಿ ಕಬ್ಬಿಣದ ತುಕ್ಕಿಗೆ ಕೊಡುತ್ತವೆ. 1987ರಲ್ಲಿ ಡೆರೆಕ್ ಲವ್ಲಿ ಎಂಬ ವಿಜ್ಞಾನಿ ಇದನ್ನು ಕಂಡದ್ದು ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ. ತುಕ್ಕಿನ ಜಾಗದಲ್ಲಿ ಕಾರ್ಬನ್ ಕಡ್ಡಿ ಸಿಕ್ಕರೆ ಅದಕ್ಕೇ ಕೊಡುತ್ತವೆ. ನಾವು ಅಲ್ಲಿಂದ ತಂತಿ ಎಳೆಯುತ್ತೇವೆ, ಅಷ್ಟೇ. ಇನ್ನೂ ಹಿಂದೆ, 1911ರಲ್ಲೇ, ಇಂಗ್ಲೆಂಡಿನ ಪಾಟರ್ ಎಂಬವರು ಸೂಕ್ಷ್ಮಜೀವಿಗಳಿಂದ ಕರೆಂಟ್ ಬರುತ್ತದೆ ಎಂದು ತೋರಿಸಿದ್ದರು.

ಬೆಳ್ಳಿ ಕಣದ್ದೂ ಇದೇ ಕಥೆ. ಶೆವನೆಲ್ಲಾ ಎಂಬ ಬ್ಯಾಕ್ಟೀರಿಯಾ ಎರಡೂ ಕೆಲಸ ಮಾಡುತ್ತದೆ. ನೀರಿನಲ್ಲಿ ಕರಗಿದ ಬೆಳ್ಳಿಗೆ ಎಲೆಕ್ಟ್ರಾನ್ ಸಿಕ್ಕರೆ ಅದು ಲೋಹವಾಗಿ, ಕೆಲವೇ ನ್ಯಾನೋಮೀಟರ್‌ನಷ್ಟು ಕಾಳು ಕಟ್ಟುತ್ತದೆ. (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು.) ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಕಾಳುಗಳೆಲ್ಲ ಒಂದೇ ಗಾತ್ರದಲ್ಲಿ ಬರುವಂತೆ ಮಾಡುವುದು, ಬ್ಯಾಕ್ಟೀರಿಯಾದಿಂದ ಬಿಡಿಸುವುದು ಕಷ್ಟ. ಇದನ್ನು ದಯವಿಟ್ಟು ಮನೆಯಲ್ಲಿ ಮಾಡಬೇಡಿ. ಇದಕ್ಕೆ ಬಳಸುವ ಬೆಳ್ಳಿಯ ಲವಣ ಸಿಲ್ವರ್ ನೈಟ್ರೇಟ್ ಕೈಗೆ ತಾಗಿದರೆ ಚರ್ಮ ಕಪ್ಪಾಗುತ್ತದೆ. ತೋಟಕ್ಕೆ ಚೆಲ್ಲಿದರೆ ಮಣ್ಣಿನ ಜೀವಿಗಳೂ ಸಾಯುತ್ತವೆ.

ಇನ್ನು ನಿಮ್ಮ ಪಲ್ಪರ್ ನೀರು. ಅದರಲ್ಲಿ ಸಕ್ಕರೆ ಜಾಸ್ತಿ, ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ಆದರೆ ಎರಡು ದಿನ ಬಿಟ್ಟರೆ ಹುಳಿಯಾಗುತ್ತದೆ, ಜಿಯೋಬ್ಯಾಕ್ಟರ್‌ಗೆ ಹುಳಿ ಆಗುವುದಿಲ್ಲ. ಮೊದಲು ಸುಣ್ಣ ಹಾಕಬೇಕು. ಪಲ್ಪಿಂಗ್ ನಡೆಯುವುದು ಡಿಸೆಂಬರ್, ಜನವರಿಯಲ್ಲಿ, ನಿಮಗೆ ಕರೆಂಟ್ ಹೋಗುವುದು ಜುಲೈಯಲ್ಲಿ, ಅಲ್ವಾ? ನನ್ನನ್ನು ಕೇಳಿದರೆ, ಆ ನೀರನ್ನು ಸುಮ್ನೆ ತೋಡಿಗೆ ಬಿಡುವ ಬದಲು ಗೋಬರ್ ಗ್ಯಾಸ್ ಟ್ಯಾಂಕಿಗೆ ಹರಿಸಿ. ಅಲ್ಲೂ ದುಡಿಯುವುದು ಬ್ಯಾಕ್ಟೀರಿಯಾವೇ, ಒಲೆಯಾದರೂ ಉರಿಯುತ್ತದೆ. ಮಳೆಗಾಲದ ಬಲ್ಬಿಗೆ ಒಂದು ಇನ್ವರ್ಟರ್ ತಗೊಳ್ಳಿ.