2300 ದಿನದ ಲೆಕ್ಕ: 1843 ಅಲ್ಲ, 1844 ಏಕೆ?

ಬೈಬಲಿನ ದಾನಿಯೇಲ 8:14ರಲ್ಲಿ 2300 ದಿನದ ಮಾತಿದೆ. ಅಡ್ವೆಂಟಿಸ್ಟರು (ಕ್ರಿಸ್ತ ಮತ್ತೆ ಬರುವುದಕ್ಕೆ ಒತ್ತು ಕೊಡುವ ಕ್ರೈಸ್ತ ಪಂಗಡ) ಅದನ್ನು 2300 ವರ್ಷ ಎಂದು ಹಿಡಿದು, ಕ್ರಿ.ಪೂ. 457ರಿಂದ ಎಣಿಸಿ 1844 ಅನ್ನುತ್ತಾರೆ. ನೀವು 2300ರಿಂದ 457 ಕಳೆದು 1843 ಅಂತ ಪಡೆದಿದ್ದೀರಿ. ಎಡವಿದ್ದು ಒಂದೇ ಕಡೆ: ಕ್ರಿ.ಪೂ. 1 ಆದ ಮೇಲೆ ನೇರವಾಗಿ ಕ್ರಿ.ಶ. 1 ಬರುತ್ತದೆ, ನಡುವೆ ಸೊನ್ನೆ ವರ್ಷ ಇಲ್ಲ. ಹಾಗಾಗಿ ಕ್ರಿ.ಪೂ. 457ರಿಂದ ಕ್ರಿ.ಶ. 1ಕ್ಕೇ 457 ವರ್ಷ ಮುಗಿಯುತ್ತದೆ. ಉಳಿದ 1843ನ್ನು ಆ 1ಕ್ಕೆ ಕೂಡಿಸಿ, 1844. ಈ ಲೆಕ್ಕದಿಂದ ಕ್ರಿಸ್ತ ಮತ್ತೆ ಬರುವ ಕಾಲ ಸಾರಿದ ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ಬಳಗವೂ ಮೊದಲು 1843ನ್ನೇ ಹಿಡಿದಿತ್ತು.

457 ಬಂದಿದ್ದು ಬೈಬಲಿನ ಎಜ್ರ 7ರಿಂದ, ಪರ್ಷಿಯದ ಅರಸ ಅರ್ತಷಸ್ತನ 7ನೇ ವರ್ಷ. ದಿನಕ್ಕೊಂದು ವರ್ಷ ಎಂಬ ಸೂತ್ರಕ್ಕೆ ಬೈಬಲಿನದೇ ಅರಣ್ಯಕಾಂಡ 14:34, ಯೆಹೆಜ್ಕೇಲ 4:6 ಆಧಾರ. 1844ರ ಅಕ್ಟೋಬರ್ 22 ಎಂಬ ತಾರೀಖು ಯೆಹೂದ್ಯರ ಪಂಚಾಂಗದ ಏಳನೇ ತಿಂಗಳ ಹತ್ತನೇ ದಿನದ ದೋಷಪರಿಹಾರಕ ದಿನದ್ದು. ಅದನ್ನು ಗೊತ್ತುಮಾಡಿದವರು ಮಿಲ್ಲರ್ ಬಳಗದ ಸ್ಯಾಮ್ಯುಯೆಲ್ ಸ್ನೋ. ಅಂದು ಕ್ರಿಸ್ತ ಬರಲಿಲ್ಲ. ಪರಲೋಕದ ಗುಡಾರದಲ್ಲಿ ನ್ಯಾಯವಿಚಾರಣೆ ಶುರುವಾಯಿತು ಎಂಬ ಅರ್ಥ ಆಮೇಲೆ ಬಂದದ್ದು.

ಕೂಡಿಕೆ ಸರಿಹೋದರೆ ಅರ್ಥವೂ ಸರಿ ಅಂತಲ್ಲ. ದಾನಿಯೇಲ 8:14ರ ಮೂಲದಲ್ಲಿರುವುದು 2300 ‘ಸಂಜೆ-ಬೆಳಗು’. ಹಲವು ಪಂಡಿತರು ಅದನ್ನು ದಿನಕ್ಕೆರಡು ಬಲಿ ಎಂದೆಣಿಸಿ 1150 ದಿನ ಮಾಡುತ್ತಾರೆ, ಗ್ರೀಕ್ ಮೂಲದ ಅರಸ ನಾಲ್ಕನೇ ಆಂಟಿಯೋಕಸ್ ಯೆರೂಸಲೇಮಿನ ದೇವಾಲಯ ಕೆಡಿಸಿದ ಕಾಲಕ್ಕೆ (ಕ್ರಿ.ಪೂ. 167–164) ಹೊಂದಿಸುತ್ತಾರೆ. ಆ ಅಧ್ಯಾಯದ ಸಂದರ್ಭಕ್ಕೆ ಇದೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.