ಬಿಷೆಟ್ 40ರ ಬದಲು 48 ಹೋಮ್‌ರನ್ ಹೊಡೀತಿರೋದು ಯಾಕೆ

ಪ್ರಶ್ನೆ ಇದು: ಬೇಸ್‌ಬಾಲ್ ಸಿಮ್ಯುಲೇಶನ್ ಗೇಮ್‌ನಲ್ಲಿ 1995ರ ಕೊಲರಾಡೊ ರಾಕೀಸ್ ತಂಡ ಕಟ್ಟಿ, ಅದರ ಬ್ಯಾಟರ್ ಡಾಂಟೆ ಬಿಷೆಟ್‌ಗೆ ಆ ವರ್ಷದ ಅಂಕಿಗಳಿಂದಲೇ ರೇಟಿಂಗ್ ಕೊಟ್ಟು ತಂಡದ ತವರು ಮೈದಾನ ಕೂರ್ಸ್ ಫೀಲ್ಡ್‌ನಲ್ಲಿ ಆಡಿಸಿದ್ದೀರಿ. ನಿಜದಲ್ಲಿ 40 ಹೋಮ್‌ರನ್ (ಬೇಲಿ ದಾಟಿಸಿದ ಹೊಡೆತ) ಹೊಡೆದವನು ನಿಮ್ಮ ಗೇಮ್‌ನಲ್ಲಿ 48ರ ಆಸುಪಾಸು ನಿಲ್ತಾನೆ. ಗೇಮ್‌ನಲ್ಲಿ ದೋಷ ಇಲ್ಲ. ಮೈದಾನದ ಲಾಭ ಎರಡು ಸಲ ಸೇರಿದೆ, ಒಂದು ಸಲ ರೇಟಿಂಗ್ ಒಳಗೆ, ಇನ್ನೊಂದು ಸಲ ಕೂರ್ಸ್‌ನ ಪಾರ್ಕ್ ಫ್ಯಾಕ್ಟರ್‌ನಲ್ಲಿ (ಮೈದಾನ ಅಂಕಿಗಳನ್ನ ಎಷ್ಟು ಪಟ್ಟು ಏರಿಸುತ್ತೆ ಅನ್ನೋ ಗುಣಕ).

ಲೆಕ್ಕ ಮಾಡಿ ನೋಡಿ. ಸಮ ಮೈದಾನ 1.00 ಆದ್ರೆ ಕೂರ್ಸ್‌ನ ಹೋಮ್‌ರನ್ ಫ್ಯಾಕ್ಟರ್ 1.40 ಅಂತ ಉದಾಹರಣೆಗೆ ಇಟ್ಕೊಳ್ಳಿ. ಆಟಗಾರ ಅರ್ಧ ಸೀಸನ್ ಮಾತ್ರ ತವರಲ್ಲಿ ಆಡ್ತಾನೆ, ಹಾಗಾಗಿ ಇಡೀ ಸೀಸನ್‌ಗೆ ತಗಲುವ ಗುಣಕ 1.40 ಮತ್ತು 1.00ರ ಸರಾಸರಿ, ಅಂದ್ರೆ 1.20. 40ನ್ನು 1.20ರಿಂದ ಭಾಗಿಸಿದ್ರೆ 33.3. ರೇಟಿಂಗ್ ಕೊಡಬೇಕಾದ್ದು ಈ ಅಂಕಿಗೆ. ಆಗ ಹೊರಗಡೆ 16.7, ತವರಲ್ಲಿ 16.7ರ 1.40 ಪಟ್ಟು ಅಂದ್ರೆ 23.3, ಕೂಡಿದ್ರೆ ಸರಿಯಾಗಿ 40. ನೀವು 40ಕ್ಕೇ ರೇಟಿಂಗ್ ಕೊಟ್ಟಿದ್ದೀರಿ. ಹೊರಗೆ 20, ತವರಲ್ಲಿ 28, ಒಟ್ಟು 48. ಇದಕ್ಕೆ ಹೆದರಿ ಪೂರ್ತಿ 1.40ರಿಂದ ಭಾಗಿಸಬೇಡಿ. 28.6 ಬರುತ್ತೆ, ಗೇಮ್‌ನಲ್ಲಿ ಅವನು 34ಕ್ಕೇ ನಿಂತುಬಿಡ್ತಾನೆ. ತುಂಬಾ ಜನ ಎಡವೋದು ಇಲ್ಲೇ.

ಅದಕ್ಕೂ ಮೊದಲು ಒಂದು ವಿಷಯ ನೋಡ್ಕೊಳ್ಳಿ. ಮುಷ್ಕರದ ಕಾರಣ 1995ರ ಸೀಸನ್ 144 ಪಂದ್ಯಗಳದ್ದು. ಗೇಮ್‌ನಲ್ಲಿ 162 ಪಂದ್ಯ ಇಟ್ಟಿದ್ರೆ ಮೈದಾನ ಸಮವಾಗಿದ್ರೂ 40 ಅನ್ನೋದು 45 ಆಗುತ್ತೆ. ಒಟ್ಟು ಸಂಖ್ಯೆ ಬಿಟ್ಟು ಅಟ್-ಬ್ಯಾಟ್‌ಗೆ (ಬ್ಯಾಟ್ ಹಿಡಿದ ಸರದಿಗೆ) ಎಷ್ಟು ಅನ್ನೋ ದರದಲ್ಲಿ ಕೆಲಸ ಮಾಡಿ. ಬಿಷೆಟ್‌ದು 579ಕ್ಕೆ 40.

"ಅವನ ಹೊರಗಿನ ಅಂಕಿ ಎರಡರಷ್ಟು ಮಾಡಿದ್ರೆ ಸಾಕಲ್ವಾ" ಅಂತಲೂ ಕೇಳಿದ್ದೀರಿ. ಆ ವರ್ಷ ತವರಲ್ಲಿ 31, ಹೊರಗೆ 9. ಎರಡರಷ್ಟು ಅಂದ್ರೆ 18, ಅದು ಅವನಿಗೆ ಅನ್ಯಾಯ. ಅರ್ಧ ಸೀಸನ್‌ನ ಒಬ್ಬನ ಅಂಕಿಯಲ್ಲಿ ಅದೃಷ್ಟದ ಪಾಲು ಬಹಳ. ಇನ್ನೊಂದು, ರಾಕೀಸ್‌ನ ಊರಾದ ಡೆನ್ವರ್ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಅಲ್ಲಿ ಕರ್ವ್‌ಬಾಲ್ (ಬಾಗಿ ಬರೋ ಎಸೆತ) ಕಡಿಮೆ ಬಾಗುತ್ತೆ. ಅದಕ್ಕೆ ಕಣ್ಣು ಒಗ್ಗಿದವರು ಕೆಳಗೆ ಬಂದಾಗ ತಡವರಿಸ್ತಾರೆ, ಹಾಗಾಗಿ ರಾಕೀಸ್‌ನವರ ಹೊರಗಿನ ಅಂಕಿ ನಿಜವಾದ ಶಕ್ತಿಗಿಂತ ಕಡಿಮೆ ತೋರಿಸುತ್ತೆ. ಎಲ್ಲರಿಗೂ ಹೀಗೇ ಅಂತಲೂ ಅಲ್ಲ: 1997ರಲ್ಲಿ ಇದೇ ತಂಡದ ಲ್ಯಾರಿ ವಾಕರ್ ಹೊಡೆದ 49ರಲ್ಲಿ 29 ಹೊರಗಡೆಯವು! ಒಬ್ಬ ಆಟಗಾರನಿಂದ ಮೈದಾನವನ್ನ ಅಳೆಯಕ್ಕಾಗಲ್ಲ.

ಫ್ಯಾಕ್ಟರ್ ತೆಗೆಯೋಕೆ ಎರಡೂ ತಂಡಗಳನ್ನ ಸೇರಿಸಿ: ರಾಕೀಸ್‌ನ ತವರು ಪಂದ್ಯಗಳಲ್ಲಿ ಎರಡೂ ಕಡೆಯವರು ಹೊಡೆದ ಹೋಮ್‌ರನ್ ದರವನ್ನ, ಅವರ ಹೊರಗಿನ ಪಂದ್ಯಗಳ ಅದೇ ದರದಿಂದ ಭಾಗಿಸಿ. ಒಂದು ವರ್ಷ ಸಾಲದು, ಮೂರು ವರ್ಷ ಕೂಡಿಸಿ. ಆದ್ರೆ ಯಾವ ಮೂರು ಅನ್ನೋದು ಮುಖ್ಯ. 1993 ಮತ್ತು 94ರಲ್ಲಿ ರಾಕೀಸ್ ಆಡಿದ್ದು ಮೈಲ್ ಹೈ ಸ್ಟೇಡಿಯಂನಲ್ಲಿ, ಕೂರ್ಸ್ ಶುರುವಾಗಿದ್ದೇ 1995ರಲ್ಲಿ. ಆದ್ದರಿಂದ 1995, 96, 97 ತಗೊಳ್ಳಿ. 2002ರಿಂದ ಚೆಂಡುಗಳನ್ನ ತೇವ ಕಾಯೋ ಕೋಣೆಯಲ್ಲಿ ಇಡೋಕೆ ಶುರು ಮಾಡಿದ್ರು, ಚೆಂಡು ಮೊದಲಿನಷ್ಟು ದೂರ ಹಾರಲಿಲ್ಲ, ಆಮೇಲಿನ ಅಂಕಿಗಳು ಇದಕ್ಕೆ ಸೇರಬಾರದು.

ರನ್‌ಗಳ ಒಂದೇ ಫ್ಯಾಕ್ಟರ್ ಹಿಡಿದು ಎಲ್ಲಕ್ಕೂ ಗುಣಿಸೋದು ನನಗಂತೂ ಒಪ್ಪಿಗೆ ಇಲ್ಲ. ಕೂರ್ಸ್‌ನ ಔಟ್‌ಫೀಲ್ಡ್ ವಿಶಾಲ, ಮಧ್ಯದಲ್ಲಿ ಬೇಲಿ 415 ಅಡಿ ದೂರ, ಅದಕ್ಕೇ ಅಲ್ಲಿ ಸಿಂಗಲ್, ಡಬಲ್, ಟ್ರಿಪಲ್ (ಒಂದು, ಎರಡು, ಮೂರು ಬೇಸ್‌ನ ಹಿಟ್) ಕೂಡ ಏರುತ್ತವೆ. ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ 37 ಅಡಿ ಎತ್ತರದ ಎಡಗೋಡೆಗೆ ಬಡಿದ ಚೆಂಡು ಹೆಚ್ಚಾಗಿ ಡಬಲ್ ಆಗುತ್ತೆ, ಹೋಮ್‌ರನ್ ಅಲ್ಲ. ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂನ ಬಲಬದಿ 314 ಅಡಿ ಮಾತ್ರ, ಲಾಭ ಎಡಗೈ ಬ್ಯಾಟರ್‌ಗಳಿಗೆ. ಗೇಮ್‌ನಲ್ಲಿ ಎಡಗೈ, ಬಲಗೈಗೆ ಬೇರೆ ಬೇರೆ ಖಾನೆ ಇದ್ರೆ ಎರಡನ್ನೂ ತುಂಬಿ.

ಪಿಚರ್‌ಗಳನ್ನ (ಚೆಂಡು ಎಸೆಯೋರನ್ನ) ಮರೀಬೇಡಿ. ಅವರು ಬಿಟ್ಟುಕೊಟ್ಟ ಹೋಮ್‌ರನ್ ಮತ್ತು ಹಿಟ್‌ಗಳನ್ನೂ ಅದೇ ರೀತಿ ಸರಾಸರಿ ತೆಗೆದ ಗುಣಕದಿಂದ (ಹೋಮ್‌ರನ್‌ಗೆ 1.20 ಬಂದ ಹಾಗೆ) ಭಾಗಿಸಿ, ಇಲ್ಲದಿದ್ರೆ ರಾಕೀಸ್ ಪಿಚರ್‌ಗಳಿಗೆ ಒಂದೇ ತಪ್ಪಿಗೆ ಎರಡು ಶಿಕ್ಷೆ.

ಸರಿಪಡಿಸಿದ ಮೇಲೆ ಒಂದೇ ಸೀಸನ್ ಓಡಿಸಿ ತೀರ್ಮಾನಕ್ಕೆ ಬರಬೇಡಿ. 40 ಹೊಡೆಯೋ ಆಟಗಾರನ ಅಂಕಿ ಬರೀ ಅದೃಷ್ಟದಿಂದಲೇ ಸುಮಾರು 6 ಆಚೀಚೆ ಆಗುತ್ತೆ. 20 ಸೀಸನ್ ಓಡಿಸಿ ಸರಾಸರಿ ತೆಗೀರಿ. ಅದು 144 ಪಂದ್ಯದ ಲೆಕ್ಕದಲ್ಲಿ 38ರಿಂದ 42ರ ಒಳಗಿದ್ರೆ ಬಿಟ್ಟುಬಿಡಿ, 45 ದಾಟಿದ್ರೆ ಮೊದಲು ಪಿಚರ್‌ಗಳ ಲೆಕ್ಕ ನೋಡಿ.